2023ರ ನನ್ನ ಮೆಚ್ಚಿನ ಚಿತ್ರ ಮತ್ತು ಹಾಡುಗಳು

ನಮಸ್ಕಾರ. 2023ರ ಕನ್ನಡ ಚಿತ್ರಗಳಲ್ಲಿ ಒಂದನ್ನು, ಹಾಡುಗಳಲ್ಲಿ ಒಂದು ಆಲ್ಬಮ್ಮನ್ನು ಮಾತ್ರ ಆರಿಸಬೇಕಾದರೆ ಯಾವುವು ಎಂದು ತಾವು ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ: ಹೇಮಂತ್ ಎಂ. ರಾವ್ ನಿರ್ದೇಶನದ 'ಸಪ್ತ ಸಾಗರದಾಚೆ ಎಲ್ಲೋ', ಅದರಲ್ಲಿಯೂ ಸೆಪ್ಟೆಂಬರ್ 1ರಂದು ತೆರೆಕಂಡ ಅದರ ಮೊದಲ ಭಾಗ 'ಸೈಡ್ ಎ'.

ಶೀರ್ಷಿಕೆಯು ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲಿನಿಂದ ಬಂದದ್ದು. ಜೈಲು ಸೇರಿದ ನಾಯಕ ಮನು ತನ್ನ ಪ್ರೇಯಸಿ ಪ್ರಿಯಾಳ ದನಿಯನ್ನು ಕ್ಯಾಸೆಟ್ಟಿನಲ್ಲಿ ಕೇಳುವ ದೃಶ್ಯಗಳನ್ನು ನೋಡಿದ ಮೇಲೆ, ಎರಡು ಭಾಗಗಳಿಗೆ ಕ್ಯಾಸೆಟ್ಟಿನ ಎರಡು ಬದಿಗಳ ಹೆಸರಿಟ್ಟದ್ದು ಎಷ್ಟು ಸರಿಯಾಗಿದೆ ಎಂಬುದು ಮನಸ್ಸಿಗೆ ನಾಟುತ್ತದೆ. ಪ್ರಿಯಾಳ ಪಾತ್ರದ ರುಕ್ಮಿಣಿ ವಸಂತ್ ಅವರ ಕಣ್ಣುಗಳು ಮಾತಿಗಿಂತ ಹೆಚ್ಚು ಹೇಳುತ್ತವೆ. ನವೆಂಬರಿನಲ್ಲಿ ಬಂದ 'ಸೈಡ್ ಬಿ' ನನ್ನನ್ನು ಅಷ್ಟು ಹಿಡಿದಿಡಲಿಲ್ಲ.

ಚರಣ್ ರಾಜ್ ಅವರ ಸಂಗೀತವನ್ನು ಮಾತ್ರ ಬಿಡಲಾಗಲಿಲ್ಲ. ವಿಜಯಪುರದಿಂದ ಬಾಗಲಕೋಟೆಗೆ ಹೋಗುವಾಗ, ಕೊಲ್ಹಾರದ ಸೇತುವೆಯ ಮೇಲೆ ಎರಡೂ ಬದಿಗೆ ಕೃಷ್ಣೆಯ ಹಿನ್ನೀರು ಹರಡಿಕೊಂಡಿರುವಾಗ, ಶೀರ್ಷಿಕೆ ಗೀತೆಯನ್ನು ಕೇಳಿ ನೋಡಿ. ನಮ್ಮ ಬಯಲುಸೀಮೆಯವರಿಗೆ ಸಮುದ್ರವೆಂದರೆ ಅದೇ.

ಎರಡನೆಯ ಚಿತ್ರಕ್ಕೆ ಅವಕಾಶವಿದ್ದರೆ, ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿದ 'ಡೇರ್‌ಡೆವಿಲ್ ಮುಸ್ತಫಾ'ವನ್ನು ಮನೆಮಂದಿಯೊಂದಿಗೆ ನೋಡಿ.