ಮಿಗ್ ವೆಲ್ಡಿಂಗ್ ಹೊಸದಾಗಿ ಕಲಿಯುತ್ತಿದ್ದೇನೆ, ಬೀಡ್ ಕಬ್ಬಿಣಕ್ಕೆ ಹಿಡಿಯುತ್ತಿಲ್ಲ. ಎಲ್ಲಿಂದ ಸರಿಮಾಡಿಕೊಳ್ಳಲಿ?

ನೀವು ಹೇಳಿರುವುದು ಇಷ್ಟು: ಸಿಂಗಲ್ ಫೇಸಿನ 200 ಆಂಪ್ ಇನ್ವರ್ಟರ್ ಮಿಗ್ ಮಷಿನ್, ಸಿಓಟು ಸಿಲಿಂಡರ್, 0.8 ಎಂಎಂ ವೈರ್. 5 ಎಂಎಂ ಫ್ಲಾಟ್ ಪಟ್ಟಿಗಳನ್ನು ಜೋಡಿಸಿದರೆ ಬೀಡ್, ಅಂದರೆ ಕರಗಿ ಗಟ್ಟಿಯಾದ ವೆಲ್ಡಿನ ಸಾಲು, ಉಬ್ಬಿಕೊಂಡು ಮೇಲೆ ಕೂರುತ್ತದೆ, ಸುತ್ತಿಗೆಯಲ್ಲಿ ಹೊಡೆದರೆ ಕಿತ್ತು ಬರುತ್ತದೆ. ಮುಂದೆ 16 ಗೇಜ್ ಸ್ಕ್ವೇರ್ ಪೈಪಿನಲ್ಲಿ ಗೇಟ್ ಮಾಡಬೇಕೆಂದಿದ್ದೀರಿ.

ರಾಡ್ ವೆಲ್ಡಿಂಗಿನಲ್ಲಿ ಕರೆಂಟ್ ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ, ತಪ್ಪು ಆಗಲೇ ಗೊತ್ತಾಗುತ್ತದೆ. ಮಿಗ್‌ನಲ್ಲಿ ಹಾಗಿಲ್ಲ. ಕೆಳಗಿನ ಕಬ್ಬಿಣ ಕರಗಲಿ ಬಿಡಲಿ, ಮೋಟಾರ್ ವೈರನ್ನು ತಳ್ಳುತ್ತಲೇ ಇರುತ್ತದೆ, ಅದು ಕರಗಿ ಮೇಲೆ ಬೀಳುತ್ತಲೇ ಇರುತ್ತದೆ. ಹಾಗಾಗಿ ನೋಡಲು ಅಚ್ಚುಕಟ್ಟಾದ ಬೀಡ್ ಕೂಡ ಎಷ್ಟೋ ಸಲ ಒಳಗೆ ಹಿಡಿದಿರುವುದಿಲ್ಲ. ಹೊಸಬರು ಇದರಲ್ಲೇ ಹೆಚ್ಚು ಮೋಸಹೋಗುವುದು. ಬೀಡ್ ಚೆಂದ ಮಾಡುವ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ, ಹಾಕಿದ ಪ್ರತಿ ಜಾಯಿಂಟನ್ನೂ ಒಡೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೊದಲು ಪೊಲಾರಿಟಿ, ಅಂದರೆ ಪ್ಲಸ್ ಮೈನಸ್ ಯಾವುದಕ್ಕೆ ಸೇರಿದೆ ಎಂದು ನೋಡಿ. ವೈರ್ ರೋಲ್ ಇರುವ ಬಾಗಿಲು ತೆಗೆದರೆ ಒಳಗೋ, ಅಥವಾ ಮಷಿನ್ನಿನ ಮುಂಭಾಗದಲ್ಲೋ, ಪ್ಲಸ್ ಮೈನಸ್ ಬದಲಿಸುವ ಸಣ್ಣ ಕೇಬಲ್ ಇರುತ್ತದೆ. ಗ್ಯಾಸ್ ಇಲ್ಲದೆ ಹಾಕುವ ಫ್ಲಕ್ಸ್ ವೈರಿಗೆ ಟಾರ್ಚ್ (ಕೈಯಲ್ಲಿ ಹಿಡಿಯುವ ಗನ್) ಮೈನಸ್‌ನಲ್ಲಿರಬೇಕು. ಗ್ಯಾಸ್ ಜೊತೆ ಹಾಕುವ ಸಾಲಿಡ್ ವೈರಿಗೆ ಟಾರ್ಚ್ ಪ್ಲಸ್, ಅರ್ಥ್ ಕ್ಲಾಂಪ್ ಮೈನಸ್. ಇದು ತಿರುಗುಮುರುಗಾಗಿದ್ದರೆ ನೀವು ಹೇಳುವಂಥ ಬೀಡೇ ಬರುತ್ತದೆ: ಉಬ್ಬಿದ್ದು, ಅಂಚು ಹಿಡಿಯದ್ದು, ಸುತ್ತಲೂ ಕಿಡಿಯ ಕಾಳು. ಹೊಸ ಮಷಿನ್‌ಗಳಲ್ಲಿ ಎಷ್ಟೋ ಸಲ ತೊಂದರೆ ಇಷ್ಟೇ.

ಎರಡನೆಯದು ಫ್ಲಾಟಿನ ಮೇಲಿನ ನೀಲಿಗಪ್ಪು ಪೊರೆ. ರೋಲಿಂಗ್ ಮಿಲ್ಲಿನಿಂದ ಬಂದ ಕಬ್ಬಿಣದ ಮೇಲೆ ಇದು ಇದ್ದೇ ಇರುತ್ತದೆ, ತುಕ್ಕಲ್ಲವೆಂದು ಜನ ಬಿಟ್ಟುಬಿಡುತ್ತಾರೆ. ಮಿಗ್ ವೈರಿನಲ್ಲಿ ಇದನ್ನು ಕರಗಿಸಿ ಹೊರಹಾಕುವ ಫ್ಲಕ್ಸ್ ಇಲ್ಲ. ಜಾಯಿಂಟಿನ ಎರಡೂ ಕಡೆ 20 ಎಂಎಂ ಅಗಲ ಗ್ರೈಂಡರಿನ ಫ್ಲಾಪ್ ಡಿಸ್ಕ್‌ನಲ್ಲಿ ಹೊಳೆಯುವ ತನಕ ಉಜ್ಜಿ. ಅರ್ಥ್ ಕ್ಲಾಂಪ್ ಕೂರುವ ಜಾಗಕ್ಕೂ ಇದೇ ಮಾತು. ಪೇಂಟಿನ ಮೇಲೆ ಕ್ಲಾಂಪ್ ಹಾಕಿದರೆ ಆರ್ಕ್, ಅಂದರೆ ವೈರಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ಕಿಡಿ, ತಡವರಿಸುತ್ತದೆ.

ಇನ್ನು ಸೆಟ್ಟಿಂಗ್. ಅಂದಾಜಿಗೆ ದಪ್ಪದ ಪ್ರತಿ ಎಂಎಂಗೆ 40 ಆಂಪ್ ಇಟ್ಟುಕೊಳ್ಳಿ. ವೋಲ್ಟೇಜಿಗೆ ಆಂಪನ್ನು 20ರಿಂದ ಭಾಗಿಸಿ 14 ಕೂಡಿಸಿ. 3 ಎಂಎಂ ಪ್ಲೇಟಿಗೆ 120 ಆಂಪ್, 20 ವೋಲ್ಟ್. ವೈರ್ ವೇಗವನ್ನು ಮೀಟರಿನಲ್ಲಿ ತೋರಿಸುವ ಮಷಿನ್ ಆದರೆ 0.8 ವೈರಿಗೆ ಇದು ನಿಮಿಷಕ್ಕೆ ಸುಮಾರು 6 ಮೀಟರ್. 16 ಗೇಜ್, ಅಂದರೆ 1.6 ಎಂಎಂ ಪೈಪಿಗೆ 65 ಆಂಪ್, 17ರಿಂದ 17.5 ವೋಲ್ಟ್, 3.5 ಮೀಟರ್ ಹತ್ತಿರ. 5 ಎಂಎಂಗೆ ಈ ಲೆಕ್ಕದಲ್ಲಿ 200 ಆಂಪ್ ಬೇಕು, ಆದರೆ 0.8 ವೈರ್ 140-150ರ ಮೇಲೆ ನೆಮ್ಮದಿಯಾಗಿ ಓಡುವುದಿಲ್ಲ. ಆದ್ದರಿಂದ 5 ಎಂಎಂ ಫ್ಲಾಟನ್ನು ಅಂಚಿಗೆ ಅಂಚು ಸೇರಿಸುವಾಗ ಎರಡೂ ಅಂಚನ್ನು 30 ಡಿಗ್ರಿ ಓರೆ ಮಾಡಿ, ನಡುವೆ 2 ಎಂಎಂ ಸಂದು ಬಿಟ್ಟು, ಎರಡು ಸಲ ತುಂಬಬೇಕು. ಕಲಿಯಲು ಇದು ಒಳ್ಳೆಯ ದಪ್ಪವಲ್ಲ. ಗುಜರಿ ಅಂಗಡಿಯಲ್ಲಿ 3 ಎಂಎಂ ಶೀಟಿನ ತುಂಡುಗಳನ್ನು ಕೆಜಿ ಲೆಕ್ಕದಲ್ಲಿ ತಂದು ಅದರಲ್ಲಿ ಶುರು ಮಾಡಿ.

ಮನೆಯ 16 ಆಂಪ್ ಪ್ಲಗ್ಗಿನಲ್ಲಿ 100-120 ಆಂಪ್ ವೆಲ್ಡಿಂಗ್ ಎಂದರೆ ಅದರ ಮಿತಿಗೆ ಬಂದ ಹಾಗೆ. ತೆಳು ಎಕ್ಸ್‌ಟೆನ್ಷನ್ ವೈರನ್ನು ಸುತ್ತಿದ ಸುರುಳಿಯಲ್ಲೇ ಬಳಸಿದರೆ ಅದು ಬಿಸಿಯಾಗುತ್ತದೆ, ಕರೆಂಟೂ ಕುಸಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ 32 ಆಂಪ್ ಎಂಸಿಬಿಯ ಬೇರೆ ಲೈನ್ ಹಾಕಿಸಿಕೊಳ್ಳಿ.

ಡಯಲ್ ಸರಿಯಿದ್ದರೂ ಕೈ ತಪ್ಪಿದರೆ ಶಾಖ ಹೋಗುತ್ತದೆ. ಟಾರ್ಚಿನ ಬಾಯಲ್ಲಿ ವೈರ್ ಹೊರಬರುವ ಟಿಪ್ಪಿನಿಂದ ಹೊರಗೆ ಕಾಣುವ ವೈರ್ 10 ಎಂಎಂ ಇರಲಿ. ಕೈ ಹಿಂದೆ ಸರಿದು ಅದು 20 ಆದರೆ ಡಯಲ್ ಮುಟ್ಟದೆಯೇ ಕರೆಂಟ್ ಇಳಿಯುವುದು ಮೀಟರಿನಲ್ಲೇ ಕಾಣುತ್ತದೆ. ನೇರ ಹಿಡಿತದಿಂದ 10-15 ಡಿಗ್ರಿ ಮಾತ್ರ ಟಾರ್ಚನ್ನು ಓರೆ ಮಾಡಿ. ಟಿ ಜಾಯಿಂಟಿನಲ್ಲಿ ಎರಡು ಪ್ಲೇಟಿನ ನಡುವೆ 45 ಡಿಗ್ರಿಯಲ್ಲಿ ಹಿಡಿದು ವೈರಿನ ತುದಿಯನ್ನು ಮೂಲೆಗೇ ಗುರಿಯಿಡಿ. ಒಂದು ದಪ್ಪ ಒಂದು ತೆಳುವಾದರೆ ಗುರಿ ದಪ್ಪದ ಕಡೆಗಿರಲಿ. ಎರಡೂ ಕೈ ಬಳಸಿ, ಮೊಣಕೈ ಊರಿ, ಕುಳಿತು ಮಾಡಿ.

ಎಲ್ಲಕ್ಕಿಂತ ಮುಖ್ಯ, ಕಣ್ಣು ಎಲ್ಲಿರಬೇಕು ಎನ್ನುವುದು. ಹೊಳೆಯುವ ಆರ್ಕನ್ನೇ ನೋಡುತ್ತಿದ್ದರೆ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ಕರಗಿದ ಲೋಹದ ಸಣ್ಣ ಹೊಂಡ ಇರುತ್ತದೆ, ಅದರ ಮುಂದಿನ ಅಂಚನ್ನು ನೋಡಿ. ಆರ್ಕ್ ಸದಾ ಆ ಅಂಚಿನಲ್ಲಿರಬೇಕು. ನಿಧಾನ ಮಾಡಿದರೆ ಕರಗಿದ ಲೋಹ ಮುಂದಕ್ಕೆ ಹರಿದು ಆರ್ಕಿನ ಕೆಳಗೆ ಬರುತ್ತದೆ. ಆಗ ಶಾಖವೆಲ್ಲ ಆ ಹೊಂಡಕ್ಕೇ ಹೋಗಿ, ಕೆಳಗಿನ ಪ್ಲೇಟ್ ಕರಗುವುದೇ ಇಲ್ಲ. ನಿಧಾನವಾಗಿ ಹೋದರೆ ಚೆನ್ನಾಗಿ ಹಿಡಿಯುತ್ತದೆ ಎಂದು ನಂಬಿದವರಿಗೆ ಕಿತ್ತು ಬರುವ ಬೀಡ್ ಸಿಗುವುದು ಇದೇ ಕಾರಣಕ್ಕೆ. ಮೇಲಿನ 3 ಎಂಎಂ ಸೆಟ್ಟಿಂಗಿನಲ್ಲಿ 100 ಎಂಎಂ ಉದ್ದದ ಬೀಡಿಗೆ 15ರಿಂದ 18 ಸೆಕೆಂಡ್ ಹಿಡಿಯಬೇಕು. ಮೊದಮೊದಲು ಪಕ್ಕದಲ್ಲಿ ಯಾರಾದರೂ ಎಣಿಸಿದರೆ ಅನುಕೂಲ.

ಸದ್ದಿನಿಂದಲೂ ತಿಳಿಯುತ್ತದೆ. ಈ ಕರೆಂಟಿನಲ್ಲಿ ವೈರ್ ಪ್ಲೇಟಿಗೆ ಸೆಕೆಂಡಿಗೆ ಹತ್ತಾರು ಸಲ ತಾಗಿ ಕರಗುತ್ತಿರುತ್ತದೆ. ಸೆಟ್ಟಿಂಗ್ ಕೂತಾಗ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಒಂದೇ ಸಮನೆ ಚಟಚಟ ಎನ್ನುತ್ತದೆ. ವೈರ್ ಪ್ಲೇಟನ್ನು ಗುದ್ದಿ ಟಾರ್ಚನ್ನು ಹಿಂದಕ್ಕೆ ತಳ್ಳುತ್ತಿದ್ದರೆ ವೋಲ್ಟೇಜ್ ಸಾಲದು. ಬುಸ್ಸೆಂದು ದೊಡ್ಡ ಹನಿಗಳು ಬಿದ್ದು, ವೈರ್ ಟಿಪ್ಪಿನವರೆಗೆ ಸುಟ್ಟುಕೊಂಡರೆ ವೋಲ್ಟೇಜ್ ಹೆಚ್ಚು. ವೈರ್ ವೇಗವನ್ನು ಮುಟ್ಟದೆ ವೋಲ್ಟೇಜನ್ನು ಮಾತ್ರ ಅರ್ಧರ್ಧ ವೋಲ್ಟ್ ಬದಲಿಸಿ ನೋಡಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ವೈರ್ ತಡೆದು ತಡೆದು ಬಂದರೆ ವೈರ್ ತಳ್ಳುವ ರೋಲರಿನಲ್ಲಿ 0.8ರ ವಿ ಆಕಾರದ ತೋಡೇ ವೈರಿನ ಸಾಲಿನಲ್ಲಿದೆಯೇ, ಟಿಪ್ 0.8ರದ್ದೇ ಎಂದು ನೋಡಿ. ರೋಲರ್ ಒತ್ತಡವನ್ನು ಹೀಗೆ ಪರೀಕ್ಷಿಸಿ: ವೈರನ್ನು ಒಣ ಮರದ ತುಂಡಿಗೆ ಗುರಿಯಿಟ್ಟು ಓಡಿಸಿದಾಗ ಅದು ಬಾಗಿ ಸುರುಳಿಯಾಗಬೇಕು, ರೋಲರ್ ಜಾರಬಾರದು. ಅಗತ್ಯಕ್ಕಿಂತ ಬಿಗಿ ಮಾಡಿದರೆ, ಟಿಪ್ ಕಟ್ಟಿಕೊಂಡ ಗಳಿಗೆಯಲ್ಲಿ ವೈರೆಲ್ಲ ಫೀಡರಿನೊಳಗೇ ಗೋಜಲಾಗುತ್ತದೆ.

ಬೀಡಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಅದು ಹೆಚ್ಚಾಗಿ ಗ್ಯಾಸಿನ ತೊಂದರೆ. ನಿಮಿಷಕ್ಕೆ 10-12 ಲೀಟರ್ ಸಾಕು. ಹೆಚ್ಚು ಬಿಟ್ಟರೆ ಗ್ಯಾಸ್ ಸುಳಿಯಾಗಿ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಫ್ಯಾನ್ ಆಫ್ ಮಾಡಿ, ನಾಝಲ್ ಒಳಗೆ ಕೂತ ಕಿಡಿಕಾಳು ಕೆರೆದು ತೆಗೆಯಿರಿ. ಸಿಓಟು ಸಿಲಿಂಡರಿನಲ್ಲಿ ದ್ರವ ರೂಪದಲ್ಲಿರುತ್ತದೆ, ಅದು ಮುಗಿಯುವವರೆಗೂ ಪ್ರೆಷರ್ ಗೇಜಿನ ಮುಳ್ಳು ಇಳಿಯುವುದೇ ಇಲ್ಲ. ಎಷ್ಟು ಉಳಿದಿದೆ ಎಂಬುದು ತೂಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಉದ್ದಕ್ಕೆ ಕೆಲಸ ಮಾಡುವಾಗ ರೆಗ್ಯುಲೇಟರ್ ಹಿಮ ಕಟ್ಟಿದರೆ ಹೀಟರ್ ಇರುವುದನ್ನು ತನ್ನಿ. ಸಿಲಿಂಡರನ್ನು ನಿಲ್ಲಿಸಿ ಚೈನ್ ಹಾಕಿಯೇ ಇಡಿ.

ಈಗ ಒಡೆಯುವ ಪರೀಕ್ಷೆ. 3 ಎಂಎಂನ ಎರಡು ತುಂಡುಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿಗೆ ಬೀಡ್ ಹಾಕಿ. ತಣ್ಣಗಾದ ಮೇಲೆ ವೈಸಿನಲ್ಲಿ ಕಚ್ಚಿಸಿ, ನಿಂತ ಪ್ಲೇಟನ್ನು ಬೀಡ್ ಇಲ್ಲದ ಕಡೆಯಿಂದ ಬೀಡಿನ ಮೇಲಕ್ಕೆ ಮಗುಚುವಂತೆ ಹೊಡೆಯಿರಿ. ಆಗ ಬೀಡಿನ ಬುಡ ಬಾಯಿಬಿಡಬೇಕಾಗುತ್ತದೆ. ಒಳ್ಳೆಯ ವೆಲ್ಡ್ ಪ್ಲೇಟಿನ ಜೊತೆ ಪೂರ್ತಿ ಮಡಚಿಕೊಳ್ಳುತ್ತದೆ, ಇಲ್ಲವೇ ತನ್ನ ನಡುವೆ ಬೂದು ಬಣ್ಣದ ಒರಟು ಕಣ ತೋರಿಸಿ ಹರಿಯುತ್ತದೆ. ಹಿಡಿಯದ ವೆಲ್ಡ್ ನುಣ್ಣಗೆ ಬಿಟ್ಟುಕೊಳ್ಳುತ್ತದೆ, ಅದರ ಕೆಳಗೆ ನೀವೇ ಉಜ್ಜಿದ ಗ್ರೈಂಡರ್ ಗೆರೆಗಳು ಹಾಗೇ ಉಳಿದಿರುತ್ತವೆ. ಆ ಗೆರೆ ಕಂಡಿತೆಂದರೆ ಅಲ್ಲಿ ಪ್ಲೇಟ್ ಕರಗಿಲ್ಲ ಎಂದೇ ಅರ್ಥ. ಯಾವ ಪ್ಲೇಟಿನ ಕಡೆ ಗೆರೆ ಇದೆಯೋ ಮುಂದಿನ ಸಲ ಟಾರ್ಚನ್ನು ಆ ಕಡೆಗೆ ತಿರುಗಿಸಿ. ಬೀಡ್ ಶುರುವಾದ ಜಾಗದಲ್ಲಿ ಮಾತ್ರ ಇದ್ದರೆ, ಅಲ್ಲಿ ಹೊಂಡ ಕಟ್ಟುವ ತನಕ ಒಂದು ಕ್ಷಣ ನಿಂತು ಆಮೇಲೆ ಹೊರಡಿ. ಗೆರೆ ಎಲ್ಲೂ ಕಾಣದಂತಾದ ಮೇಲೆಯೇ ಗೇಟಿನ ಕೆಲಸ ಹಿಡಿಯಿರಿ.

ಕಣ್ಣಿನ ವಿಷಯದಲ್ಲಿ ಉದಾಸೀನ ಬೇಡ. ಹೆಲ್ಮೆಟ್ ಶೇಡ್ 11 ಇರಲಿ. ಆರ್ಕ್ ಹೊಡೆದ ಉರಿ ತಕ್ಷಣ ಗೊತ್ತಾಗುವುದಿಲ್ಲ, ಕೆಲವು ಗಂಟೆ ಕಳೆದು ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಶುರುವಾಗುತ್ತದೆ. ಮನೆಮದ್ದು ಹಾಕದೆ ಕಣ್ಣಿನ ಡಾಕ್ಟರ ಬಳಿ ಹೋಗಿ. ಟೆರಿಕಾಟ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ದಪ್ಪ ಕಾಟನ್ ಮತ್ತು ಚರ್ಮದ ಗ್ಲೌಸೇ ಬೇಕು. ಮುಚ್ಚಿದ ಕೋಣೆಯಲ್ಲಿ ಸಿಓಟು ವೆಲ್ಡಿಂಗ್ ಮಾಡಬೇಡಿ. ಜಿಐ ಪೈಪಾದರೆ ಸತುವಿನ ಲೇಪ ಉಜ್ಜಿ ತೆಗೆದು ಬಯಲಲ್ಲಿ ಮಾಡಿ, ಅದರ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ.

ಗೇಟಿಗೆ ಬಂದರೆ, ನಾಲ್ಕೂ ಮೂಲೆಗೆ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿಯುವ ಚುಕ್ಕೆ ವೆಲ್ಡ್) ಹಾಕಿ, ಕರ್ಣಗಳೆರಡನ್ನೂ ಟೇಪಿನಲ್ಲಿ ಅಳೆದು ಸಮ ಮಾಡಿಕೊಂಡು, ಒಂದು ಮೂಲೆ ಆದ ಮೇಲೆ ಅದರ ಎದುರು ಮೂಲೆ ಎನ್ನುವಂತೆ ಹಾಕುತ್ತಾ ಹೋಗಿ. ತೆಳು ಪೈಪಿನಲ್ಲಿ ಸಂದು ಇದ್ದರೆ ತೂತು ಬೀಳುವುದು ಖಂಡಿತ. ವೈರಿನಿಂದ ಸಂದು ತುಂಬಲು ಹೋಗದೆ, ಪೈಪ್ ಕತ್ತರಿಸುವಾಗಲೇ ಕೂಡುವಂತೆ ಕತ್ತರಿಸಿ. ಕೊನೆಗೆ ಬೀಡಿನ ಮೇಲೆ ಗಾಜಿನಂಥ ಕಂದು ಚುಕ್ಕೆಗಳು ಉಳಿದಿರುತ್ತವೆ. ಪ್ರೈಮರ್ ಹೊಡೆಯುವ ಮೊದಲು ಅವನ್ನು ವೈರ್ ಬ್ರಷ್‌ನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಪೇಂಟ್ ಮೊದಲು ಅಲ್ಲೇ ಏಳುತ್ತದೆ.