ಬಯ್ಗುಳಕ್ಕೆ ಆಮೆನ್

ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಕೆಲಸ, ವಯಸ್ಸು ಎಲ್ಲ ಬದಲಿಸಿದ್ದೇನೆ. ಒಂದೂವರೆ ವರ್ಷದಲ್ಲಿ ಇಂಥದ್ದೇ ತೊಂದರೆ ಹೊತ್ತು ಆಪ್ತಸಲಹೆಗೆ ನನ್ನ ಹತ್ತಿರ ಬಂದ ಮೂರನೇ ಕ್ರೈಸ್ತ ಕುಟುಂಬ ಇದು. ಮೂರೂ ಮನೆಯವರು ಒಳ್ಳೆಯ ಜನ. ಮೂರೂ ಕಡೆ ರಾತ್ರಿ ತಪ್ಪದೆ ಮನೆ ಪ್ರಾರ್ಥನೆ ನಡೆಯುತ್ತದೆ. ಆದರೆ ಆ ಹೊತ್ತು ಹತ್ತಿರ ಬಂತೆಂದರೆ ಮನೆಯಲ್ಲಿ ಯಾರಿಗೋ ಒಬ್ಬರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಗಂಡ ಶಾಲಾ ಶಿಕ್ಷಕರು, ಸಭೆಯಲ್ಲಿ, ಅಂದರೆ ತಮ್ಮ ಚರ್ಚಿನಲ್ಲಿ, ಹಿರಿಯರು. ಹೆಂಡತಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಒಬ್ಬಳೇ ಮಗಳು, ಸೆಕೆಂಡ್ ಪಿಯುಸಿ. ಅವರ ಸಭೆ 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಗುವುದಕ್ಕೂ ಮುಂಚೆ, ವೆಸ್ಲಿಯನ್ ಮಿಷನ್ನಿನ ಕಾಲದಿಂದಲೇ ಆ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಒಂದು ಹಾಡು, ಒಂದು ಅಧ್ಯಾಯ, ಒಂದು ಪ್ರಾರ್ಥನೆ. ಅಜ್ಜ ನಡೆಸುತ್ತಿದ್ದರು, ಅಪ್ಪ ನಡೆಸಿದರು, ಈಗ ಇವರು. ಇದ್ದಕ್ಕಿದ್ದಂತೆ ಮಗಳು ಕೂರುವುದಿಲ್ಲ ಅಂದಳು. ಪ್ರಾರ್ಥನೆ ಹೊತ್ತಿಗೆ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. "ಮಗಳು ನಂಬಿಕೆ ಕಳ್ಕೊಂಡಿದ್ದಾಳೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತ ಕರೆತಂದವರು ತಂದೆಯೇ.

ನಾನೂ ಅಂಥದ್ದೇ ಮನೆಯಲ್ಲಿ ಬೆಳೆದವಳು. ಚಾಪೆ ಹಾಸಿ, ಮೊಣಕಾಲೂರಿ, ಅನ್ನದ ಪಾತ್ರೆ ಆರುತ್ತಿದ್ದರೂ ಪ್ರಾರ್ಥನೆ ಮುಗಿಯುವವರೆಗೆ ಕಾಯುತ್ತಿದ್ದವಳು. ಹಾಗಾಗಿ ಮೊದಮೊದಲು ನನಗೂ ಮಗಳದ್ದೇ ಹಟ ಇರಬೇಕು ಅನ್ನಿಸಿತ್ತು.

ಮೊದಲ ಎರಡು ಭೇಟಿಯಲ್ಲಿ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕಂಡೆ. ಮೂರನೇ ಸಲ ಮೂವರನ್ನೂ ಒಟ್ಟಿಗೆ ಕೂರಿಸಿದೆ. ತಂದೆ ಸತ್ಯವೇದ, ಅಂದರೆ ಬೈಬಲನ್ನು, ಕೈಯಲ್ಲೇ ಹಿಡಿದು ಬಂದಿದ್ದರು. ಜಿಪ್ ಇರುವ ಕಪ್ಪು ರೆಕ್ಸಿನ್ ಕವರು. ಮಾತಾಡುವಾಗಲೆಲ್ಲ ಆ ಜಿಪ್ಪನ್ನು ಅರ್ಧ ಎಳೆಯುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. "ನಿನ್ನೆ ರಾತ್ರಿ ಏನಂತ ಪ್ರಾರ್ಥನೆ ಮಾಡಿದ್ರಿ? ನೆನಪಿದ್ದಷ್ಟು ಹೇಳಿ" ಅಂದೆ. ಅವರು ಹಿಂಜರಿಯಲಿಲ್ಲ. ಕಣ್ಣು ಮುಚ್ಚಿದರು. ದನಿಯೇ ಬದಲಾಯಿತು.

"ಕರ್ತನೇ, ಈ ದಿನವೆಲ್ಲ ಕಾಪಾಡಿದ್ದಕ್ಕಾಗಿ ಸ್ತೋತ್ರ. ನಿನ್ನ ದಾಸಿಯ ನಾಲಿಗೆಗೆ ಕಾವಲಿಡು. ಗಂಡನ ಮಾತಿಗೆ ಬೆಲೆ ಕೊಡುವ ಮನಸ್ಸನ್ನು ಅವಳಿಗೆ ದಯಪಾಲಿಸು. ಈ ಮಗುವನ್ನು ಮೊಬೈಲಿನ ಬಂಧನದಿಂದ ಬಿಡಿಸು. ಫಿಸಿಕ್ಸಿನಲ್ಲಿ ಮೂವತ್ತೆಂಟು ತೆಗೆದುಕೊಂಡು ತಂದೆಯ ತಲೆ ತಗ್ಗಿಸದ ಹಾಗೆ..."

ಅಷ್ಟಕ್ಕೆ ತಾವೇ ನಿಂತರು. ನನ್ನ ಕೋಣೆಯಲ್ಲಿ, ಹೊರಗಿನವಳೊಬ್ಬಳ ಎದುರಿಗೆ, ಅದು ಅವರ ಕಿವಿಗೇ ಬೇರೆ ಥರ ಕೇಳಿಸಿರಬೇಕು.

ಮಗಳು ಸಿಟ್ಟು ಮಾಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು: "ಆಂಟಿ, ಇದು ಮುಗಿದ ಮೇಲೆ ನಾವು ಆಮೆನ್ ಅನ್ಬೇಕು. ಗಟ್ಟಿಯಾಗಿ. ಮೆಲ್ಲಗೆ ಅಂದ್ರೆ ಅಪ್ಪ ಕಣ್ಣು ಬಿಟ್ಟು ನೋಡ್ತಾರೆ. ನನಗೆ ಬಯ್ದಿದ್ದಕ್ಕೆ ನಾನೇ ಆಮೆನ್ ಅನ್ನೋಕೆ ನನ್ನಿಂದ ಆಗ್ತಿಲ್ಲ."

ಜಿಪ್ಪಿನ ಸದ್ದು ನಿಂತುಹೋಯಿತು. ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಸೆರಗಿನ ಅಂಚು ನೋಡುತ್ತಾ ಅಂದರು: "ದೇವರ ಹತ್ರ ಇವರು ದಿನಾ ಕ್ಷಮೆ ಕೇಳ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ಪಾಪ ಅಂತ. ಮದುವೆ ಆಗಿ ಹತ್ತೊಂಬತ್ತು ವರ್ಷ ಆಯ್ತು. ನನ್ನ ಹತ್ರ ಒಂದು ಸಲ ಕೇಳಿದ್ದು ನೆನಪಿಲ್ಲ."

"ನಾನು ಇವರಿಗೋಸ್ಕರ ತಾನೇ ಪ್ರಾರ್ಥನೆ ಮಾಡೋದು?" ಅಂದರು ಅವರು. ಆ ಪ್ರಶ್ನೆಯಲ್ಲಿ ನಾಟಕ ಇರಲಿಲ್ಲ. ತಾವು ಬಯ್ಯುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ ಅನ್ನುವುದನ್ನು ನಾನು ಇವತ್ತಿಗೂ ನಂಬುತ್ತೇನೆ.

ಆಮೇಲೆ ಅವರು ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಹಿಡಿದರು. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಅನ್ನುವ 22ನೇ ವಚನ. ಒಂದು ಸಾಲು ಹಿಂದಕ್ಕೆ ಹೋಗಿ ಓದಿ ಅಂದೆ. 21ರಲ್ಲಿ ಪೌಲ ಎಲ್ಲರಿಗೂ ಹೇಳುತ್ತಾನೆ, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ. ಮೂಲ ಗ್ರೀಕಿನ ಅತಿ ಹಳೆಯ ಕೆಲವು ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, 'ಅಧೀನರಾಗಿ' ಅನ್ನುವ ಮಾತನ್ನು 21ರಿಂದಲೇ ತಂದುಕೊಳ್ಳಬೇಕು. ಅಂದರೆ ಹೆಂಡತಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಿದ್ದರಿಂದ ಕತ್ತರಿಸಿ ತೆಗೆಯಲು ಬರುವುದಿಲ್ಲ. ಇದನ್ನು ಹೇಳಿ, ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯ, 7ನೇ ವಚನ ತೆಗೆದು ಓದಿ ಅಂದೆ. ಅವರೇ ಓದಿದರು. ಹೆಂಡತಿಗೆ ಮಾನ ಕೊಟ್ಟು ಬಾಳದ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಅನ್ನುವ ಮಾತದು. ಓದಿ ಮುಗಿಸಿದ ಮೇಲೂ ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ. "ಇದನ್ನ ಮದುವೆ ಮನೆಗಳಲ್ಲಿ ನಾನೇ ಎಷ್ಟು ಸಲ ಓದಿದ್ದೀನಿ" ಅಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಆರು ವಾರ ಮನೆ ಪ್ರಾರ್ಥನೆಯಲ್ಲಿ ಹೆಂಡತಿ, ಮಗಳ ಹೆಸರು ಎತ್ತಿದರೆ ಅವರಿಗಾಗಿ ದೇವರಿಗೆ ವಂದನೆ ಹೇಳುವುದಕ್ಕೆ ಮಾತ್ರ ಎತ್ತಬೇಕು. ತಕರಾರು ಇದ್ದರೆ ಪ್ರಾರ್ಥನೆಗೆ ಮುಂಚೆಯೋ ಆಮೇಲೋ, ಕಣ್ಣು ತೆರೆದು, ಅವರ ಮುಖ ನೋಡಿ ಹೇಳಬೇಕು. ದಿನದಲ್ಲಿ ಯಾರಿಗಾದರೂ ನೋವಾಗುವ ಮಾತು ಆಡಿದ್ದರೆ, ದೇವರ ಮುಂದೆ ಕೂರುವ ಮೊದಲು ಆ ಮನುಷ್ಯರ ಹತ್ತಿರ ಹೋಗಬೇಕು. ಏನು ಮಾಡಿದೆ ಅಂತ ಹೆಸರಿಟ್ಟು ಹೇಳಬೇಕು, 'ಆದ್ರೆ' ಅನ್ನುವ ಪದ ಸೇರಿಸಬಾರದು. ಮಗಳು ಪ್ರಾರ್ಥನೆಗೆ ಬಂದಳೋ ಇಲ್ಲವೋ ಅಂತ ಕೇಳಬಾರದು.

ತಕರಾರಿಗಾಗಿ ಹೆಸರು ಎತ್ತಬೇಡಿ ಅಂದದ್ದಕ್ಕೆ ಕಾರಣ ಇದೆ. ಊಟದ ಹೊತ್ತಲ್ಲಿ ಗಂಡ ಬಯ್ದರೆ ಹೆಂಡತಿ ಒಂದು ಮಾತು ತಿರುಗಿ ಹೇಳಬಹುದು. ಇಲ್ಲ ರೀ, ಹಾಗಲ್ಲ ಅನ್ನಬಹುದು. ಪ್ರಾರ್ಥನೆಯಲ್ಲಿ ಬಯ್ದರೆ ಎದುರುತ್ತರವೇ ಇಲ್ಲ. ನಡುವೆ ಬಾಯಿ ಹಾಕುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ದೇವರೇ ಆ ಮಾತಿಗೆ ಸಹಿ ಹಾಕಿದ ಹಾಗೆ ಕೇಳಿಸುತ್ತದೆ. ಹದಿನೇಳು ವರ್ಷದ ಮಗು ಅದರಿಂದ ಓಡಿಹೋಗಿ ಚಿಲಕ ಹಾಕಿಕೊಂಡರೆ ಅದನ್ನು ನಂಬಿಕೆ ಕಳೆದುಕೊಂಡದ್ದು ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಕಣ್ಣಿಗೆ ಅವಳು ತನ್ನ ದೇವರನ್ನು ಅಪ್ಪನ ಬಯ್ಗುಳದಿಂದ ಬೇರೆಯಾಗಿ ಉಳಿಸಿಕೊಳ್ಳಲು ನೋಡುತ್ತಿದ್ದಳು.

ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ ಕಟ್ಟುನಿಟ್ಟಿನ ಧರ್ಮಾಚರಣೆಯ ಫರಿಸಾಯನೊಬ್ಬ ಪ್ರಾರ್ಥನೆಯ ಮಧ್ಯೆಯೇ, ಜನ ಪಾಪಿ ಅಂತ ದೂರವಿಟ್ಟ ಸುಂಕದವನನ್ನು ತೋರಿಸಿ, ನಾನು ಇವನ ಹಾಗಲ್ಲ ಅನ್ನುತ್ತಾನೆ. ದೂರದಲ್ಲಿ ನಿಂತಿದ್ದ ಸುಂಕದವನಿಗೆ ಅದು ಕೇಳಿಸಿತೋ ಇಲ್ಲವೋ ಲೂಕ ಬರೆದಿಲ್ಲ. ನಮ್ಮ ಮನೆಗಳಲ್ಲಿ ಕೇಳಿಸುತ್ತದೆ.

ಗಂಡಸರು ಮಾತ್ರ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಸ್ತ್ರೀಯರ ಕೂಟದಲ್ಲಿ "ನಮ್ಮ ಸೊಸೆ ಮನಸ್ಸು ಬದಲಾಗ್ಲಿ ಅಂತ ಎಲ್ರೂ ಪ್ರಾರ್ಥನೆ ಮಾಡಿ" ಅನ್ನುವ ಅತ್ತೆಯರನ್ನು ನೋಡಿದ್ದೇನೆ. ಆ ಸೊಸೆ ಮುಂದಿನ ಭಾನುವಾರ ಆರಾಧನೆಗೆ ಬಂದಾಗ ಇಪ್ಪತ್ತು ಜೋಡಿ ಕಣ್ಣು ಅವಳ ಮೇಲಿರುತ್ತವೆ. ಗಂಡನ ಮೇಲಿನ ಸಿಟ್ಟಿಗೆ ವಚನ ಹುಡುಕಿ ವಾಟ್ಸಾಪ್ ಸ್ಟೇಟಸ್ ಹಾಕುವ ಹೆಂಡತಿಯರೂ ಬಂದಿದ್ದಾರೆ. ವಾಕ್ಯ ಒಳ್ಳೆಯದೇ. ಅದನ್ನು ಯಾರ ಮುಖಕ್ಕೆ ಹಿಡಿಯುತ್ತೇವೆ, ಅಲ್ಲಿ ತಪ್ಪುತ್ತೇವೆ.

ಸಲಹೆ ಕೊಟ್ಟ ವಾರದಲ್ಲೇ ಅವರ ಸಭಾಪಾಲಕರಿಂದ ನನಗೆ ಫೋನು ಬಂತು. ದನಿಯಲ್ಲಿ ಗೌರವವಿತ್ತು, ಆದರೆ ಬೇಸರವೂ ಇತ್ತು. "ಮನೆ ಯಜಮಾನನ ಸ್ಥಾನವನ್ನೇ ಕೆಳಗಿಳಿಸಿಬಿಟ್ರಲ್ಲ ಅಮ್ಮಾ. ಮಕ್ಕಳ ಎದುರಿಗೆ ತಂದೆ ತಪ್ಪೊಪ್ಪಿಕೊಂಡ್ರೆ ನಾಳೆ ಯಾರು ಮಾತು ಕೇಳ್ತಾರೆ?" ಅಂದರು. ನಾನು ಯೋಹಾನನ ಸುವಾರ್ತೆಯ ಹದಿಮೂರನೇ ಅಧ್ಯಾಯ ನೆನಪಿಸಿದೆ. ಊಟದಿಂದ ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಯೇಸುವೇ ಆಮೇಲೆ, ನೀವು ನನ್ನನ್ನು ಗುರು, ಕರ್ತ ಅನ್ನುತ್ತೀರಿ, ಅದು ಸರಿಯೇ ಅಂದ. ಬಾಗಿದ್ದರಿಂದ ಅವನ ಸ್ಥಾನವೇನೂ ಹೋಗಲಿಲ್ಲ. ವರ್ಷಕ್ಕೊಮ್ಮೆ ಅನೇಕ ಸಭೆಗಳಲ್ಲಿ ಪಾದ ತೊಳೆಯುವ ಆರಾಧನೆ ನಡೆಯುತ್ತದೆ. ಕಥೋಲಿಕರ ನಿಯಮದಲ್ಲಿ ಗಂಡಸರ ಪಾದ ಅಂತಲೇ ಇತ್ತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿ ಹೆಂಗಸರನ್ನೂ ಸೇರಿಸಿದರು. ದೇವಾಲಯದೊಳಗೆ ಅಷ್ಟು ಆಯಿತು. ಮನೆಯಲ್ಲಿ ಮಾತ್ರ ಬಾಗುವ ಕೆಲಸವನ್ನು ನಾವು ಇನ್ನೂ ಹೆಂಡತಿಗೆ, ಸೊಸೆಗೆ, ಮಕ್ಕಳಿಗೇ ಬಿಟ್ಟಿದ್ದೇವೆ ಅಲ್ವಾ? ಸಭಾಪಾಲಕರು ಒಪ್ಪಲಿಲ್ಲ. ಯೋಚನೆ ಮಾಡುತ್ತೇನೆ ಅಂದರು. ನನ್ನ ಸಲಹೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇದರಲ್ಲಿ ನಾನು ಇಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಹಳೆಯ ನೋವೊಂದಿದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ತಾಯಿ ಬಂದಿದ್ದರು. ಗಂಡ ಭಕ್ತಿವಂತ, ಮುಂಗೋಪಿ ಅಂದರು. ನಾನು ತಾಳ್ಮೆಯ ಮಾತಾಡಿದೆ. "ನೀವು ಸ್ವಲ್ಪ ತಗ್ಗಿಸಿಕೊಳ್ಳಿ, ಪ್ರಾರ್ಥನೆ ಮಾಡಿ" ಅಂದೆ. ಹೊಡೆಯುತ್ತಾರಾ ಅಂತ ಕೇಳಲೇ ಇಲ್ಲ. ಅವರು ಮತ್ತೆ ಬರಲಿಲ್ಲ. ಅವರ ಮುಖ ನನಗೆ ಈಗಲೂ ರಾತ್ರಿ ಹೊತ್ತು ನೆನಪಾಗುತ್ತದೆ. ದೀನತೆ ಕ್ರಿಸ್ತನ ಗುಣ. ಅದನ್ನು ನೊಂದವರ ಮೇಲೆ ಭಾರವಾಗಿ ಹೊರಿಸಿದ ತಪ್ಪು ನನ್ನದು.

ಅಂದಿನಿಂದ ಹೆಂಡತಿಯರನ್ನು ಮೊದಲು ಒಂಟಿಯಾಗಿ ಕಾಣುತ್ತೇನೆ. ಈ ಮನೆಯಲ್ಲೂ ಕೇಳಿದೆ: ಕೈ ಎತ್ತಿದ್ದಾರಾ, ಹೆದರಿಕೆ ಇದೆಯಾ, ಸಂಬಳ ಕಿತ್ತುಕೊಳ್ಳುತ್ತಾರಾ. ಇಲ್ಲ ಅಂದರು. ಹೌದು ಅಂದಿದ್ದರೆ ಮೇಲಿನ ಸಲಹೆ ಯಾವುದನ್ನೂ ಕೊಡುತ್ತಿರಲಿಲ್ಲ. ಮೊದಲು ಅವರನ್ನು ಸುರಕ್ಷಿತ ಜಾಗಕ್ಕೆ ಸೇರಿಸುವ ದಾರಿ ನೋಡುತ್ತಿದ್ದೆ. ಓದುವ ಅಕ್ಕತಂಗಿಯರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಹೊಡೆತ ಮಾತ್ರ ದೌರ್ಜನ್ಯ ಅಂತ ಅದರಲ್ಲಿಲ್ಲ, ಅವಮಾನ ಮಾಡುವುದು, ಹೀಯಾಳಿಸುವುದೂ ಅದರೊಳಗೆ ಬರುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಕರೆ ಮಾಡಿದರೆ ನಂಬಿಕೆ ಕಡಿಮೆಯಾಯಿತು ಅಂತ ಅಲ್ಲ.

ಇನ್ನು ಆ ಆರು ವಾರ. ಮೊದಲ ವಾರ ಅವರ ಪ್ರಾರ್ಥನೆ ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತಂತೆ. ಹೇಳಲು ಮಾತೇ ಸಿಗುತ್ತಿರಲಿಲ್ಲ. ಎರಡನೇ ವಾರ ಹೆಸರು ಬಿಟ್ಟು, "ಈ ಮನೆಯಲ್ಲಿ ಕೆಲವರು" ಅಂತ ಶುರು ಮಾಡಿದರು. ಕೋಣೆಯೊಳಗಿಂದಲೇ ಮಗಳು "ಅಪ್ಪಾ" ಅಂದಳು. ಅವರು ಅಲ್ಲಿಗೇ ನಿಲ್ಲಿಸಿದರು. ಮೂರನೇ ವಾರ ಏನೂ ಆಗಲಿಲ್ಲ.

ನಾಲ್ಕನೇ ವಾರದ ಒಂದು ರಾತ್ರಿ ಹೆಂಡತಿ ಒಲೆ ಮುಂದೆ ನಿಂತು ಮುದ್ದೆ ತಿರುವುತ್ತಿದ್ದಾಗ ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ತಂಗಿಯ ಮಗುವಿನ ದೀಕ್ಷಾಸ್ನಾನದ ದಿನ ನೆಂಟರ ಎದುರಿಗೆ, "ಇವಳಿಗೆ ಮನೆತನ ಗೊತ್ತಿಲ್ಲ" ಅಂದಿದ್ದರಂತೆ. ಹನ್ನೊಂದು ವರ್ಷದ ಹಿಂದಿನ ಮಾತು. "ಅವತ್ತು ಹಾಗಂದಿದ್ದು ತಪ್ಪು. ನಿನಗೆ ಅವಮಾನ ಮಾಡಿದೆ" ಅಂದರು. 'ಆದ್ರೆ' ಇರಲಿಲ್ಲ. ಆಕೆ ಕೋಲು ಬಿಡದೆ, "ಆಯ್ತು, ತಟ್ಟೆ ತಗೊಳ್ಳಿ" ಅಂದರು.

ಮುಂದಿನ ಭೇಟಿಯಲ್ಲಿ ಆಕೆ ನನ್ನ ಹತ್ತಿರ ಅದನ್ನೇ ತಪ್ಪಿತಸ್ಥರ ಹಾಗೆ ಹೇಳಿಕೊಂಡರು. "ನನಗೆ ಏನೂ ಅನ್ನಿಸಲೇ ಇಲ್ಲ ಮೇಡಂ. ಅಳು ಬರ್ಲಿಲ್ಲ, ಖುಷಿಯೂ ಆಗ್ಲಿಲ್ಲ. ಕ್ಷಮಿಸಿದ್ದೀನೋ ಇಲ್ವೋ ಗೊತ್ತಿಲ್ಲ." ಕ್ಷಮೆಗೆ ಗಡುವು ಹಾಕಬೇಡಿ ಅಂದೆ. ಹನ್ನೊಂದು ವರ್ಷ ಹೊತ್ತದ್ದನ್ನು ಮುದ್ದೆ ಇಳಿಸುವಷ್ಟರಲ್ಲಿ ಇಳಿಸಲು ಆಗುವುದಿಲ್ಲ. ಗಂಡನಿಗೂ ಅದನ್ನೇ ಹೇಳಿದೆ. ತಪ್ಪೊಪ್ಪಿಕೊಳ್ಳುವುದು ನಿಮ್ಮ ಕೆಲಸ, ಅವರು ಯಾವಾಗ ಹಗುರಾಗುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ ಅಂತ.

ಆರನೇ ವಾರ ಒಂದು ರಾತ್ರಿ ಅವರು ಹಾಡು, ವಾಕ್ಯ ಮುಗಿಸಿ, "ಇವತ್ತು ನೀನು ಪ್ರಾರ್ಥನೆ ಮಾಡ್ತೀಯಾ?" ಅಂತ ಹೆಂಡತಿಯನ್ನು ಕೇಳಿದರು. ಬೇಡ ಅಂದರೂ ಸರಿ ಅನ್ನುವ ಹಾಗೆ ಕೇಳಿದರಂತೆ. ಆ ಮನೆಯಲ್ಲಿ ಆಕೆ ಬಾಯಿಬಿಟ್ಟು ಪ್ರಾರ್ಥಿಸಿದ್ದು ಅದೇ ಮೊದಲು. "ಸ್ವಾಮೀ, ನಾಲ್ಕು ದಿನದಿಂದ ನಲ್ಲಿ ನೀರು ಬಂದಿಲ್ಲ. ನಾಳೆ ಬರ್ಲಿ. ಮಗಳಿಗೆ ರಾತ್ರಿ ನಿದ್ದೆ ಬರ್ಲಿ." ಅಷ್ಟೇ. ಗಂಡ ಆಮೆನ್ ಅಂದರು.

ಮಗಳು ಆವತ್ತೂ ಕೋಣೆಯಲ್ಲೇ ಇದ್ದಳು. ಈಗ ಚಿಲಕ ಹಾಕುವುದಿಲ್ಲ, ಆದರೆ ಹೊರಗೆ ಬಂದು ಕೂರುವುದೂ ಇಲ್ಲ. ತಿಂಗಳಿಗೊಮ್ಮೆ ಒಬ್ಬಳೇ ನನ್ನ ಹತ್ತಿರ ಬಂದು ಮಾತಾಡಿ ಹೋಗುತ್ತಾಳೆ. ತಂದೆ ಫೋನು ಮಾಡಿದಾಗಲೆಲ್ಲ, "ಅವಳು ಯಾವಾಗ ಕೂರ್ತಾಳೆ ಮೇಡಂ?" ಅನ್ನುತ್ತಾರೆ. ನಾನು ಪ್ರತಿ ಸಲವೂ, "ನೀವು ಇವತ್ತು ರಾತ್ರಿ ಪ್ರಾರ್ಥನೆಗೆ ಕೂತ್ಕೊಳ್ಳಿ, ಅವಳನ್ನ ಅವಳ ಪಾಡಿಗೆ ಬಿಡಿ" ಅನ್ನುತ್ತೇನೆ. "ಆಯ್ತು" ಅಂದು ಫೋನು ಇಡುತ್ತಾರೆ.