ನಾಲ್ಕು ಪುಟ ಕಾಪಿ ಬರೆದರೂ ದುಂಡಾಗದ ಅಕ್ಷರ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಕಡೆಯ ಒಂದು ಹಳ್ಳಿ, ಕಬ್ಬು ಬೆಳೆಯುವ ಮನೆ. ಹುಡುಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಪಾಠ ಕೇಳಿದರೆ ಪಟಪಟನೆ ಹೇಳುತ್ತಾನೆ, ಹದಿನೈದರವರೆಗೆ ಮಗ್ಗಿ ಬರುತ್ತದೆ. ಬರೆಯಲು ಕೂತರೆ ಮಾತ್ರ ಅಕ್ಷರ ಗೆರೆ ಬಿಟ್ಟು ಜಾರುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ, ಹಾಳೆ ತೂತಾಗುತ್ತದೆ. ಅಂಗಿಯ ಗುಂಡಿಯನ್ನು ಇನ್ನೂ ಅಮ್ಮನೇ ಹಾಕಬೇಕು. ಓರಗೆಯವರು ಸೈಕಲ್ ಹತ್ತಿ ಹೊರಟರೆ ಇವನು ಜಗಲಿಯ ಮೇಲೆ ಉಳಿಯುತ್ತಾನೆ.

“ಸೋಮಾರಿ ಕಣ್ ಮೇಡಂ. ತಲೆ ಐತೆ, ಕೈ ಬಗ್ಗಾಕಿಲ್ಲ,” ಎಂದರು, ಸಲಹೆ ಕೇಳಲು ಅವನನ್ನು ನಮ್ಮಲ್ಲಿಗೆ ಕರೆತಂದ ತಂದೆ. ಅದಕ್ಕೆ ಅವರು ಕಂಡುಕೊಂಡ ಮದ್ದು: ರಾತ್ರಿ ಊಟಕ್ಕೆ ಮುಂಚೆ ನಾಲ್ಕು ಪುಟ ಕಾಪಿ, ಪುಟಕ್ಕೆ ಒಂದೇ ಅಕ್ಷರ, ತಪ್ಪಿದರೆ ತಲೆಗೊಂದು ಮೊಟಕು. ಎಂಟು ತಿಂಗಳಿಂದ ಇದೇ ನಡೆದಿತ್ತು. ತಾಯಿ ಏನೂ ಹೇಳದೆ ಚೀಲದಿಂದ ಕಾಪಿ ಪುಸ್ತಕಗಳನ್ನು ತೆಗೆದು ಮುಂದಿಟ್ಟರು. ‘ಗ’ ಬರೆದ ಒಂದು ಪುಟ ತಿರುವಿದರೆ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ಬೆರಳಿಗೆ ತಗಲುತ್ತಿದ್ದವು. ಮೊದಲ ಸಾಲಿನ ‘ಗ’ ಪರವಾಗಿಲ್ಲ. ಹತ್ತನೇ ಸಾಲಿಗೆ ಬರುವಷ್ಟರಲ್ಲಿ ಅದು ಬಾಗಿದ ಕಡ್ಡಿ. ಅಂದರೆ ಪ್ರತಿ ರಾತ್ರಿ ಹೆಚ್ಚು ಸಲ ಅಭ್ಯಾಸವಾಗುತ್ತಿದ್ದದ್ದು ಕೆಟ್ಟ ‘ಗ’ವೇ.

ಸಲಹೆಗೆ ಮುಂಚೆ ಕೆಲವನ್ನು ನೋಡಿಕೊಳ್ಳಲೇಬೇಕಿತ್ತು. ನೆಲದ ಮೇಲೆ ಕೂರಿಸಿ, ಎದ್ದೇಳು ಎಂದೆವು. ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ಹತ್ತುವವರಂತೆ ಏಳುವ ಗಂಡುಮಗುವಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ ಇರಬಹುದು. ಅಂಥವರನ್ನು ತಡಮಾಡದೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಬೇಕು. ಬರುತ್ತಿದ್ದ ಕೆಲಸ ಮರೆತುಹೋಗುತ್ತಿದ್ದರೂ, ಒಂದೇ ಕಡೆಯ ಕೈಕಾಲು ಸೋಲುತ್ತಿದ್ದರೂ ಹಾಗೆಯೇ. ಇವನಿಗೆ ಇವು ಯಾವುವೂ ಇರಲಿಲ್ಲ, ಕಣ್ಣೂ ಸರಿಯಿತ್ತು. ಆದರೆ 34ನೇ ವಾರಕ್ಕೇ ಹುಟ್ಟಿದವನು, ನಡೆದದ್ದು 21ನೇ ತಿಂಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ ಮಕ್ಕಳು ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಬೇಗ ಹುಟ್ಟಿದ ಆರು ವಾರ ಕಳೆದು ಲೆಕ್ಕ ಹಾಕಿದರೂ ತಡವೇ. ಮೈಸೂರಿನಲ್ಲಿ ಮಕ್ಕಳ ವೈದ್ಯರೂ ಆಕ್ಯುಪೇಶನಲ್ ಥೆರಪಿಸ್ಟರೂ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸಕರು) ಪರೀಕ್ಷಿಸಿ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಎಂದರು. ಬುದ್ಧಿ ಚುರುಕಾಗಿದ್ದೂ ಕೈಕಾಲಿನ ಹೊಂದಾಣಿಕೆ ಕಲಿಯುವುದು ಕಷ್ಟವಾಗುವ ಸ್ಥಿತಿ ಇದು. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5–6 ಮಂದಿಗೆ ಇರುತ್ತದೆ. ಸೋಮಾರಿತನ ಇದಲ್ಲ.

ತಂದೆಗೆ ಇದನ್ನು ಒಪ್ಪಿಸಿದ್ದು ವೈದ್ಯರ ಚೀಟಿಯಲ್ಲ, ಕಬ್ಬು. ಕಡಿಯಲು ಕಲಿತ ಮೊದಲ ದಿನ ಹೇಗಿತ್ತು ಎಂದು ಕೇಳಿದೆವು. “ಸಂಜೀಗೆ ಭುಜ ಎತ್ತಾಕಾಗ್ಲಿಲ್ಲ,” ಎಂದರು. ಹೊಸ ಕೆಲಸಕ್ಕಿಳಿದ ದೇಹ ಬೇಕಾದ ಸ್ನಾಯುವನ್ನೂ ಬೇಡದ್ದನ್ನೂ ಒಟ್ಟಿಗೆ ಬಿಗಿದು, ಕೀಲುಗಳನ್ನು ಕಟ್ಟಿಹಾಕುತ್ತದೆ; ಕಲಿತಂತೆ ಒಂದೊಂದಾಗಿ ಸಡಿಲಿಸುತ್ತದೆ. ರಷ್ಯಾದ ಶರೀರಶಾಸ್ತ್ರಜ್ಞ ನಿಕೊಲಾಯ್ ಬರ್ನ್‌ಸ್ಟೈನ್ ಇದನ್ನು ವಿವರಿಸಿದ್ದರು. ಈ ಹುಡುಗ ಆ ಮೊದಲ ದಿನದಲ್ಲೇ ಹೆಚ್ಚು ಕಾಲ ನಿಂತಿದ್ದಾನೆ. ಹಾಳೆ ತೂತಾಗುವುದು ಹಟದಿಂದಲ್ಲ, ಬಿಗಿತದಿಂದ. ಮೊಟಕಿದರೆ ಬಿಗಿತ ಇನ್ನಷ್ಟು ಹೆಚ್ಚುತ್ತದೆ.

ಮೊದಲ ಸಲಹೆ: ನಾಲ್ಕು ಪುಟ ನಿಲ್ಲಲಿ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಆಟದ ನಂತರ ಹತ್ತು ನಿಮಿಷ, ಅಷ್ಟೇ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಒಂದು ಅಧ್ಯಯನ 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆಗಳಲ್ಲೇ ಕೀಲಿಮಣೆ ಕಲಿತರು. ಆದರೆ ದಿನಗಳು ಹೆಚ್ಚು ಹಿಡಿದದ್ದರಿಂದ ಅವರಿಗೇ ಸಮಾಧಾನ ಕಡಿಮೆ. ಮನೆಯವರಿಗೂ ಹಾಗನ್ನಿಸುತ್ತದೆ ಎಂದು ಮೊದಲೇ ಎಚ್ಚರಿಸಿದೆವು.

ಕೂರುವುದು ಮಂಚದ ಮೇಲಲ್ಲ. ಪಾದ ಪೂರ್ತಿ ನೆಲಕ್ಕೋ ಮಣೆಗೋ ಊರಬೇಕು, ಮೇಜು ಮೊಣಕೈ ಎತ್ತರಕ್ಕಿರಬೇಕು, ಎಡಗೈ ಹಾಳೆಯನ್ನು ಹಿಡಿದಿರಬೇಕು. ಹಾಳೆಯ ಕೆಳಗೆ ಹಳೆಯ ನೋಟ್‌ಬುಕ್ ಇಟ್ಟರೆ ಒತ್ತಿದ್ದು ಅವನಿಗೇ ಗೊತ್ತಾಗುತ್ತದೆ: “ಕೆಳಗಿನ ಪುಟದಲ್ಲಿ ಅಚ್ಚು ಬೀಳದ ಹಾಗೆ ಬರಿ.” ‘ಬೆರಳು ಸಡಿಲ ಬಿಡು’ ಎನ್ನುವುದಕ್ಕಿಂತ ಈ ಮಾತು ಚೆನ್ನಾಗಿ ನಾಟುತ್ತದೆ. ಗಮನ ತನ್ನ ಬೆರಳಿಗೆ ಹೋದರೆ ಕೈ ಕಟ್ಟಿಕೊಳ್ಳುತ್ತದೆ, ಕೆಲಸದ ಫಲಕ್ಕೆ ಹೋದರೆ ಓಡುತ್ತದೆ.

ಬರೆಯುವುದಕ್ಕೆ ನಲಿ–ಕಲಿಯಲ್ಲಿ ಅವನೇ ಕಲಿತ ‘ರ ಗ ಸ ದ ಅ’ ಸಾಕು. ಒಂದು ವಾರ ಒಂದೊಂದನ್ನೇ, ಐದೈದು ಸಲ. ಆಮೇಲೆ ಕಲಸಿ: ಗದ, ಸರ, ಅರಸ, ದರ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ. ಒಂದನ್ನೇ ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು, ಕಲಸಿ ಮಾಡಿದವರು ದಿನ ಕಳೆದ ಮೇಲೂ ಉಳಿಸಿಕೊಂಡರು. ತೀರಾ ಹೊಸಬರಿಗೆ ಮೊದಲ ದಿನವೇ ಕಲಸಿದರೆ ದಿಕ್ಕು ತಪ್ಪುತ್ತದೆ. ಅದಕ್ಕೇ ಆ ಒಂದು ವಾರ. ಗದ್ದೆಯಲ್ಲೂ ಎರಡು ಜಲ್ಲೆ ಒಂದೇ ದಪ್ಪ ಇರುವುದಿಲ್ಲ, ಕೈ ಕಲಿಯುವುದು ಹಾಗೆಯೇ ಎಂದಾಗ ತಂದೆ ತಲೆದೂಗಿದರು. ಬರೆದಾದ ಮೇಲೆ ದೊಡ್ಡವರು ತಪ್ಪು ಗುರುತಿಸಬಾರದು. ಸಾಲಿನಲ್ಲಿ ಯಾವುದು ಚೆಂದ ಎಂದು ಅವನೇ ಸುತ್ತು ಹಾಕಲಿ, ಏಕೆ ಎಂದು ಹೇಳಲಿ.

ಅವರೆಕಾಳು ಹಿತುಕಿಸಿದರೆ ಬೆರಳು ಪಳಗಿ ಅಕ್ಷರ ದುಂಡಾಗುತ್ತದೆಯೇ ಎಂದು ತಾಯಿ ಕೇಳಿದರು. ಹಿತುಕಲಿ, ಒಳ್ಳೆಯ ಕೆಲಸ. ಆದರೆ ಅದರಿಂದ ಚುರುಕಾಗುವುದು ಹಿತುಕುವ ಕೈ. ಬರವಣಿಗೆ ಬರೆದೇ ಬರಬೇಕು, ಗುಂಡಿ ಹಾಕಿಯೇ ಬರಬೇಕು.

ಗುಂಡಿಯ ವಿಷಯದಲ್ಲಿ ಅವನ ತೊಡಕು ಎದುರಿಗೇ ಕಂಡಿತು. ಎರಡೂ ಕೈಯಲ್ಲಿ ಬಟ್ಟೆ ಹಿಡಿಯುತ್ತಿದ್ದ, ಗುಂಡಿಯನ್ನು ಯಾರೂ ಹಿಡಿದಿರಲಿಲ್ಲ. “ಏನು ಮಾಡಬೇಕು ಅಂತಿದ್ದೀಯ? ಹೇಗೆ? ಮಾಡು. ಆಯಿತಾ?” ಎಂದು ನಾಲ್ಕು ಹಂತಗಳಲ್ಲಿ ಕೇಳುತ್ತಾ ಹೋದರೆ ಮಗುವೇ ಉಪಾಯ ಹುಡುಕುತ್ತದೆ, ಕೆನಡಾದಲ್ಲಿ ಇಂಥ ಮಕ್ಕಳಿಗೆಂದೇ ರೂಪಿಸಿದ ಕ್ರಮ ಇದು. ಮೂರನೇ ಸಲಕ್ಕೆ ಅವನೇ ಹೇಳಿದ: “ಗುಂಡಿ ಅಂಚು ಹಿಡ್ಕೋಬೇಕು.” ಕಣ್ಣಿಗೆ ಕಾಣುವ ಕೆಳಗಿನ ಗುಂಡಿಯಿಂದ ಶುರು. ಕಾಜಾವನ್ನು ತುಸು ಅಗಲ ಮಾಡಿಸಿ, ಅರ್ಧ ತೂರಿಸಿ, ಇನ್ನೊಂದು ಕೈಯಲ್ಲಿ ಎಳೆಯುವುದು.

ಸೈಕಲ್ಲಿಗೆ ಪಕ್ಕದ ಪುಟ್ಟ ಚಕ್ರ ಬೇಡ, ಹಿಂದಿನಿಂದ ಹಿಡಿದು ಓಡುವುದೂ ಬೇಡ. ಸಮತೋಲ ಬರುವುದು ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸುವುದರಿಂದ. ಬೇರೆಯವರು ಹಿಡಿದರೆ ವಾಲುವುದೇ ತಿಳಿಯುವುದಿಲ್ಲ. 15ರ ಸ್ಪ್ಯಾನರಿನಿಂದ ಪೆಡಲ್ ಎರಡನ್ನೂ ಬಿಚ್ಚಿ. ಎಡಗಡೆಯದಕ್ಕೆ ತಿರುಗು ಮರೆ, ಅದು ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಚ್ಚುತ್ತದೆ. ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿ. ಬ್ರೇಕ್ ಮೊದಲು ನಿಂತಲ್ಲೇ ಕಲಿಯಲಿ. ಸ್ವಲ್ಪ ಇಳಿಜಾರಿನ ಗಟ್ಟಿ ನೆಲದಲ್ಲಿ ಕಾಲಿನಿಂದ ನೂಕಿಕೊಂಡು ಹೋಗಲಿ, ಕಣ್ಣು ದೂರದ ತೆಂಗಿನಮರದ ಮೇಲಿರಲಿ. ಕಾಲೆತ್ತಿ ಹತ್ತು ಎಣಿಸುವವರೆಗೆ ಜಾರಿದ ಮೇಲೆ ಪೆಡಲ್ ಹಾಕಿ.

ಆರು ವಾರಕ್ಕೆ ಬಂದಾಗ ಅಂಗಿಯ ಗುಂಡಿ ಕತ್ತಿನದೊಂದು ಬಿಟ್ಟು ಉಳಿದದ್ದೆಲ್ಲ ಅವನೇ ಹಾಕಿಕೊಂಡಿದ್ದ. ಸೈಕಲ್ಲಿನಲ್ಲಿ ನೇರಕ್ಕೆ ಹೋಗುತ್ತಾನೆ, ತಿರುವಿನಲ್ಲಿ ಇಳಿಯುತ್ತಾನೆ. ಹಾಳೆ ತೂತಾಗುವುದು ನಿಂತಿದೆ, ಆದರೆ ವೇಗ ಇನ್ನೂ ಕಡಿಮೆ, ಬಹುಕಾಲ ಹಾಗೇ ಇರಬಹುದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬೋರ್ಡಿನ ಮೇಲಿನದನ್ನು ಪೂರ್ತಿ ಬರೆದುಕೊಳ್ಳುವುದರಿಂದ ವಿನಾಯಿತಿ, ಗೊತ್ತಿರುವುದನ್ನು ಬಾಯಲ್ಲಿ ಹೇಳಲು ಅವಕಾಶ ಎಂದು ಶಾಲೆಗೆ ಪತ್ರ ಬರೆದುಕೊಟ್ಟೆವು. ತಂದೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮುಂದಿನ ವರ್ಷ ಕಂಪಾಸ್ ಹಿಡಿಯುವುದನ್ನು ಹೇಗೆ ಹೇಳಿಕೊಡಬೇಕು ಎಂದು ಕೇಳಿದರು.